ದೇವಾಲಯದ ಕಿಟಕಿಯಲ್ಲಿ ಒಂದು ಜೇನುನೊಣ



ಗುಂಡ್ಲುಪೇಟೆ ಕಡೆಯ ಒಂದು ಧರ್ಮಕೇಂದ್ರದಲ್ಲಿ ನಾವು ಸೇವೆಯಲ್ಲಿದ್ದಾಗ ನಡೆದ ಒಂದು ತಪ್ಪನ್ನು ಮೊದಲು ತಮ್ಮ ಮುಂದೆ ಒಪ್ಪಿಕೊಂಡು ಈ ಲೇಖನವನ್ನು ಆರಂಭಿಸುತ್ತೇವೆ. ಅದು ಧರ್ಮಕೇಂದ್ರದ ಹಬ್ಬದ ಸಮಯ. ನವದಿನಗಳ ಪ್ರಾರ್ಥನೆಗೆ ಧ್ವಜಾರೋಹಣವಾಗುವುದಕ್ಕೆ ನಾಲ್ಕೈದು ದಿನ ಉಳಿದಿತ್ತು. ಗಂಟೆಗೋಪುರದ ಅಂಚಿನ ಕೆಳಗೆ ಹೆಜ್ಜೇನು ಕಟ್ಟಿತ್ತು. ಒಂದು ಮೊರದಷ್ಟು ಅಗಲದ ಹುಟ್ಟಿ. ತೇರು ಹೊರಡುವ ದಾರಿ ಅದರ ಕೆಳಗೇ. ಪಟಾಕಿಯ ಹೊಗೆಗೋ ಬ್ಯಾಂಡಿನ ಸದ್ದಿಗೋ ಜೇನು ಎದ್ದರೆ ಮಕ್ಕಳುಮರಿಗಳ ಗತಿಯೇನು ಎಂದು ಹಬ್ಬದ ಸಮಿತಿಯವರು ಕೇಳಿದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಯುವಕರು ಉದ್ದನೆಯ ಬಿದಿರಿಗೆ ಗೋಣಿಚೀಲ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ ಸಿದ್ಧರಾಗಿದ್ದರು. ‘ಆಗಲಿ, ಬೇಗ ಮುಗಿಸಿರಿ’ ಎಂದು ಅಪ್ಪಣೆ ಕೊಟ್ಟವರು ನಾವೇ.

ಮರುದಿನ ಬೆಳಿಗ್ಗೆ ಬಲಿಪೂಜೆಗೆ ಬಂದಾಗ ಅಂಗಳದ ತುಂಬ ಸತ್ತ ನೊಣಗಳು. ಕೆಲವಕ್ಕೆ ಇನ್ನೂ ಜೀವವಿತ್ತು. ಸುಟ್ಟ ರೆಕ್ಕೆಯನ್ನು ಎಳೆದುಕೊಂಡು ತೆವಳುತ್ತಿದ್ದವು. ಅಂಗಳ ಗುಡಿಸುತ್ತಿದ್ದ ಅಜ್ಜಿಯೊಬ್ಬರು ಪೊರಕೆ ನಿಲ್ಲಿಸಿ, “ಹಬ್ಬಕ ಬಂದೋರ್ನ ಕೊಂದ್ಬುಟ್ಟಂಗಾಯ್ತಲ್ಲ ಸ್ವಾಮಿ” ಎಂದರು. ನಾವು ಉತ್ತರ ಕೊಡಲಿಲ್ಲ.

ಎರಡು ತಿಂಗಳು ಕಳೆದು ಪಾಸ್ಖ ಜಾಗರಣೆಯ ರಾತ್ರಿ ಬಂತು. ಕತ್ತಲಾದ ದೇವಾಲಯದಲ್ಲಿ ಹೊಸ ಬೆಂಕಿಯಿಂದ ಹೊತ್ತಿಸಿದ ಪಾಸ್ಖ ಬತ್ತಿಯ ಮುಂದೆ ನಿಂತು ಪುನರುತ್ಥಾನದ ಘೋಷಣೆಯನ್ನು ಹಾಡುತ್ತಿದ್ದೆವು. ಗುರುಮಠದಲ್ಲಿ ಕಲಿತ ಅದರ ಲತೀನ್ ಮೂಲ ಆಗ ನೆನಪಿಗೆ ಬಂತು. ಆ ಮೂಲದಲ್ಲಿ ಜೇನುನೊಣದ ಪ್ರಸ್ತಾಪ ಒಂದು ಸಲವಲ್ಲ, ಎರಡು ಸಲ ಇದೆ. ವರ್ಷದ ಅತ್ಯಂತ ಪವಿತ್ರ ರಾತ್ರಿಯಲ್ಲಿ ಧರ್ಮಸಭೆಯು ಯಾವ ಜೀವಿಯ ದುಡಿಮೆಯನ್ನು ದೇವರ ಮುಂದೆ ನೆನೆಯುತ್ತದೆಯೋ ಅದೇ ಜೀವಿಯನ್ನು ನಾವು ದೇವರ ಮನೆಯ ಗೋಪುರದಲ್ಲಿ ಸುಟ್ಟಿದ್ದೆವು. ಅಂದಿನಿಂದ ನಮಗೆ ಒಂದು ಪ್ರಶ್ನೆ ಅಂಟಿಕೊಂಡಿತು. ಹಿಂದಿನವರು ಈ ಪುಟ್ಟ ಹುಳಕ್ಕೆ ದೇವಾಲಯದ ಬಣ್ಣದ ಗಾಜಿನಲ್ಲಿ, ಸಂತರ ಪಾದದ ಬಳಿಯಲ್ಲಿ ಸ್ಥಾನ ಕೊಟ್ಟದ್ದು ಏಕೆ? ಓದಿ, ಕೇಳಿ ತಿಳಿದದ್ದನ್ನು ತಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಓದು ಬಾರದವರ ಪುಸ್ತಕ

ನಮ್ಮಲ್ಲಿ ಅನೇಕರು ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ ಹೋಗಿ ಬಂದವರೇ. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಆ ದೇವಾಲಯದ ಕಿಟಕಿಗಳಲ್ಲಿ ಫ್ರಾನ್ಸ್ ದೇಶದಿಂದ ತರಿಸಿದ ಬಣ್ಣದ ಗಾಜುಗಳಿವೆ. ಯೇಸುಸ್ವಾಮಿಯ ಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ, ಸ್ವರ್ಗಾರೋಹಣ ಇವೆಲ್ಲ ಅಲ್ಲಿ ಚಿತ್ರಗಳಾಗಿವೆ. ಹೊರಗಿನಿಂದ ನೋಡಿದರೆ ಆ ಗಾಜು ಮಂಕು, ಕಪ್ಪು. ಒಳಗೆ ಬಂದು ನಿಂತು ಬಿಸಿಲಿನ ಕಡೆಗೆ ನೋಡಿದಾಗ ಮಾತ್ರ ಅದಕ್ಕೆ ಜೀವ ಬರುತ್ತದೆ. ವಿಶ್ವಾಸದ ಸಂಗತಿಯೂ ಹೀಗೆಯೇ ಎಂದು ಹಿಂದಿನ ಬೋಧಕರು ಹೇಳುತ್ತಿದ್ದರು.

ಕ್ರಿ.ಶ. 600ರ ಸುಮಾರಿಗೆ ಜಗದ್ಗುರು ಮಹಾ ಗ್ರೆಗೋರಿಯವರು ಮಾರ್ಸೇಯ್ ನಗರದ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ದೇವಾಲಯದ ಚಿತ್ರಗಳನ್ನು ಒಡೆಯಬಾರದು, ಓದಲು ಬಾರದವರು ಗೋಡೆಯನ್ನು ನೋಡಿ ತಿಳಿಯುತ್ತಾರೆ ಎಂದು ತಿಳಿಹೇಳಿದರು. ಮುಂದೆ ಯುರೋಪಿನ ದೊಡ್ಡ ದೇವಾಲಯಗಳಲ್ಲಿ ಗೋಡೆಯ ಈ ಕೆಲಸವನ್ನು ಗಾಜು ವಹಿಸಿಕೊಂಡಿತು.

ಮರಳು ಮತ್ತು ಮರದ ಬೂದಿಯನ್ನು ಕುಲುಮೆಯಲ್ಲಿ ಕರಗಿಸಿ ಗಾಜು ಮಾಡುತ್ತಾರೆ. ಅದಕ್ಕೆ ಕೋಬಾಲ್ಟ್ ಸೇರಿಸಿದರೆ ನೀಲಿ, ತಾಮ್ರ ಸೇರಿಸಿದರೆ ಕೆಂಪು ಅಥವಾ ಹಸಿರು, ಮ್ಯಾಂಗನೀಸ್ ಸೇರಿಸಿದರೆ ನೇರಳೆ ಬಣ್ಣ ಬರುತ್ತದೆ. ತುಂಡುಗಳನ್ನು ಚಿತ್ರಕ್ಕೆ ತಕ್ಕಂತೆ ಕತ್ತರಿಸಿ ಸೀಸದ ಪಟ್ಟಿಗಳಿಂದ ಜೋಡಿಸುತ್ತಾರೆ. ಆದರೆ ಜೇನುನೊಣದಷ್ಟು ಚಿಕ್ಕದಕ್ಕೆ ಬೇರೆ ತುಂಡು ಕತ್ತರಿಸಲು ಬರುವುದಿಲ್ಲ. ಗಾಜಿನ ಮೇಲೆ ಕಪ್ಪು ಬಣ್ಣದಲ್ಲಿ ಅದರ ಕಣ್ಣು, ಕಾಲು, ರೆಕ್ಕೆಯ ಗೆರೆ ಬರೆದು ಒಲೆಯಲ್ಲಿ ಬೇಯಿಸುತ್ತಾರೆ. ಹೊಟ್ಟೆಯ ಹಳದಿ ಪಟ್ಟೆಗೆ ಬೆಳ್ಳಿ ಬೇಕು. 14ನೇ ಶತಮಾನದ ಆರಂಭದಲ್ಲಿ ಯುರೋಪಿನ ಕುಶಲಕರ್ಮಿಗಳು ಕಂಡುಕೊಂಡ ಉಪಾಯ ಇದು. ಬೆಳ್ಳಿಯ ಲವಣವನ್ನು ಗಾಜಿನ ಹಿಂಬದಿಗೆ ಹಚ್ಚಿ ಕಾಯಿಸಿದರೆ ನಿಂಬೆಹಣ್ಣಿನ ಹಳದಿಯಿಂದ ಗಟ್ಟಿ ಜೇನಿನ ಬಣ್ಣದವರೆಗೆ ಬರುತ್ತದೆ. ಸಂತರ ತಲೆಯ ಪ್ರಭಾವಳಿಗೂ ಜೇನುನೊಣದ ಮೈಗೂ ಒಂದೇ ಬೆಳ್ಳಿ.

ಇನ್ನೊಂದು ವಿಷಯ ತಿಳಿದಾಗ ನಮಗೆ ಆಶ್ಚರ್ಯವಾಯಿತು. ಕತ್ತರಿಸಿದ ತುಂಡುಗಳನ್ನು ಸೀಸದಲ್ಲಿ ಕೂಡಿಸುವ ಮುನ್ನ, ಬೆಳಕಿಗೆ ಹಿಡಿದು ನೋಡಿ ಬಣ್ಣ ತುಂಬುವುದಕ್ಕಾಗಿ, ಅವನ್ನು ದೊಡ್ಡ ಗಾಜಿನ ಹಲಗೆಗೆ ತಾತ್ಕಾಲಿಕವಾಗಿ ಅಂಟಿಸುವ ಪದ್ಧತಿ ಇದೆ. ಅಂಟು ಯಾವುದು? ರಾಳ ಬೆರೆಸಿ ಕರಗಿಸಿದ ಜೇನುಮೇಣ. ಕಿಟಕಿಯಲ್ಲಿ ಜೇನುನೊಣದ ಚಿತ್ರ ಇರಲಿ ಇಲ್ಲದಿರಲಿ, ಕಿಟಕಿ ಮಾಡುವ ಕೆಲಸದಲ್ಲಿ ಅದರ ಪಾಲು ಇದ್ದೇ ಇದೆ.

ಸಂತ ಅಂಬ್ರೋಸರ ತೊಟ್ಟಿಲು

ಬಣ್ಣದ ಗಾಜಿನಲ್ಲಿ ಜೇನುಗೂಡು ಕಂಡರೆ, ಪಕ್ಕದಲ್ಲಿ ನಿಂತವರು ಬಹುಮಟ್ಟಿಗೆ ಸಂತ ಅಂಬ್ರೋಸರೇ. ತಲೆಯ ಮೇಲೆ ಧರ್ಮಾಧ್ಯಕ್ಷರ ಕಿರೀಟ, ಕೈಯಲ್ಲಿ ಪಾಲಕ ದಂಡ, ಕಾಲ ಬಳಿ ಅಥವಾ ಪುಸ್ತಕದ ಮೇಲೆ ಹುಲ್ಲಿನಿಂದ ಹೆಣೆದ ಗೂಡು. ಕೋಳಿ ಮುಚ್ಚುವ ಮಂಕರಿಯನ್ನು ಬೋರಲು ಹಾಕಿದಂತೆ ಅದು ಕಾಣುತ್ತದೆ. ಸಂತ ಅಗುಸ್ತೀನ್, ಸಂತ ಜೆರೋಮ್, ಸಂತ ಮಹಾ ಗ್ರೆಗೋರಿ ಇವರೊಂದಿಗೆ ಪಾಶ್ಚಾತ್ಯ ಧರ್ಮಸಭೆಯ ನಾಲ್ವರು ಮಹಾಪಂಡಿತರಲ್ಲಿ ಅವರು ಒಬ್ಬರು. ನಾಲ್ವರನ್ನೂ ಸಾಲಾಗಿ ಬರೆದಾಗ ಅಂಬ್ರೋಸರನ್ನು ಗುರುತಿಸುವುದು ಈ ಗೂಡಿನಿಂದ.

ಅಗುಸ್ತೀನರ ಕೋರಿಕೆಯ ಮೇರೆಗೆ ಅಂಬ್ರೋಸರ ಜೀವನಚರಿತ್ರೆಯನ್ನು ಬರೆದವರು ಪೌಲಿನುಸ್. ಅಂಬ್ರೋಸರಿಗೆ ಕಾರ್ಯದರ್ಶಿಯಾಗಿದ್ದವರು ಅವರು. ಅವರು ಹೇಳುವ ಪ್ರಸಂಗ ಇದು. ಅಂಬ್ರೋಸರ ತಂದೆ ಗಾಲ್ ಪ್ರಾಂತ್ಯದ ಉನ್ನತ ಅಧಿಕಾರಿ. ಅವರ ಭವನದ ಅಂಗಳದಲ್ಲಿ ಮಗು ಬಾಯಿ ತೆರೆದುಕೊಂಡು ತೊಟ್ಟಿಲಲ್ಲಿ ಮಲಗಿತ್ತು. ಎಲ್ಲಿಂದಲೋ ಬಂದ ಜೇನು ಹಿಂಡು ಮಗುವಿನ ಮುಖವನ್ನು ಮುತ್ತಿತು. ನೊಣಗಳು ಬಾಯಿಯೊಳಗೆ ಹೋಗಿ ಬರತೊಡಗಿದವು. ದಾದಿ ಗಾಬರಿಯಿಂದ ಓಡಿಸಲು ಹೋದಳು. ಹೆಂಡತಿ, ಮಗಳೊಡನೆ ಅಲ್ಲಿ ಅಡ್ಡಾಡುತ್ತಿದ್ದ ತಂದೆ ಅವಳನ್ನು ತಡೆದರು. ಏನಾಗುವುದೋ ನೋಡೋಣ ಎಂದು ಕಾದರು. ಸ್ವಲ್ಪ ಹೊತ್ತಿನಲ್ಲಿ ನೊಣಗಳು ಮೇಲೆದ್ದು ಕಣ್ಣಿಗೆ ಕಾಣದಷ್ಟು ಎತ್ತರಕ್ಕೆ ಹಾರಿಹೋದವು. ಈ ಮಗು ಬದುಕಿದರೆ ದೊಡ್ಡದೇನೋ ಆಗುವನು ಎಂದು ತಂದೆ ನಡುಗುತ್ತ ಹೇಳಿದರಂತೆ.

ಈ ಕಥೆಯನ್ನು ನಾವು ಗುರುಮಠದಲ್ಲಿ ಎಷ್ಟೋ ಸಲ ಕೇಳಿದ್ದೆವು. ಜೇನಿನಂತೆ ಸಿಹಿಯಾದ ಪ್ರಬೋಧನೆ ಮಾಡುವವನಾಗುತ್ತಾನೆ ಎಂಬುದಕ್ಕೆ ಮುನ್ಸೂಚನೆ ಎಂದಷ್ಟೇ ಅರ್ಥ ಹೇಳಿಕೊಂಡು ಮುಂದೆ ಹೋಗುತ್ತಿದ್ದೆವು. ಗೋಪುರದ ಘಟನೆಯಾದ ಮೇಲೆ ನಮ್ಮ ಕಣ್ಣು ಬೇರೊಂದು ಕಡೆ ನಿಂತಿತು. ಅಲ್ಲಿ ಇಬ್ಬರಿದ್ದಾರೆ: ಓಡಿಸಲು ಧಾವಿಸಿದ ದಾದಿ, ತಡೆದು ನಿಂತ ತಂದೆ. ದಾದಿಯ ಭಯ ತಪ್ಪಲ್ಲ. ಮಗುವಿನ ಮೇಲಿನ ಪ್ರೀತಿಯಿಂದಲೇ ಅವಳು ಕೈ ಎತ್ತಿದ್ದು. ಆದರೆ ಹಿಂಡನ್ನು ಹೊಡೆದಿದ್ದರೆ ಅದು ಮಗುವನ್ನು ಕಡಿಯದೆ ಬಿಡುತ್ತಿರಲಿಲ್ಲ. ಕೆಣಕದಿದ್ದುದರಿಂದ ಮಗು ಉಳಿಯಿತು. ಹಿಂಡಾಗಿ ಹೊಸ ಮನೆ ಹುಡುಕಿ ಹೊರಟ ಜೇನು ಹೊಟ್ಟೆ ತುಂಬ ಜೇನು ಹೀರಿಕೊಂಡಿರುತ್ತದೆ, ಕಾಪಾಡಿಕೊಳ್ಳಲು ಗೂಡಿರುವುದಿಲ್ಲ, ಆದ್ದರಿಂದ ಬಹುಮಟ್ಟಿಗೆ ಶಾಂತವಾಗಿರುತ್ತದೆ ಎಂದು ಜೇನು ಸಾಕುವವರು ಇಂದೂ ಹೇಳುತ್ತಾರೆ.

ಮುಂದೆ 374ರಲ್ಲಿ ಅಂಬ್ರೋಸರು ಮಿಲಾನ್ ನಗರದ ಧರ್ಮಾಧ್ಯಕ್ಷರಾದರು. 387ರ ಪಾಸ್ಖ ಜಾಗರಣೆಯಲ್ಲಿ ಅಗುಸ್ತೀನರಿಗೆ ಸ್ನಾನದೀಕ್ಷೆ ಕೊಟ್ಟವರು ಅವರೇ. ಅವರ ಹಬ್ಬ ಡಿಸೆಂಬರ್ 7ರಂದು. ಜೇನು ಸಾಕುವವರಿಗೂ ಮೇಣದಬತ್ತಿ ಮಾಡುವವರಿಗೂ ಅವರು ಪಾಲಕ ಸಂತರು.

ಸಿಹಿ ಇದೆ, ಕೊಂಡಿಯೂ ಇದೆ

ಜೇನುಗೂಡಿನೊಂದಿಗೆ ಕಾಣುವ ಬೇರೆ ಸಂತರೂ ಇದ್ದಾರೆ. ಕ್ಲೇರ್ವೋ ಮಠದ ಸಂತ ಬರ್ನಾರ್ಡರಿಗೆ ಜೇನು ಹರಿಸುವ ಪಂಡಿತ ಎಂಬ ಬಿರುದಿದೆ. ಅವರು 1153ರಲ್ಲಿ ತೀರಿಕೊಂಡರು. ಎಂಟುನೂರು ವರ್ಷಗಳ ಮೇಲೆ, 1953ರಲ್ಲಿ, ಜಗದ್ಗುರು ಹನ್ನೆರಡನೆಯ ಭಕ್ತಿನಾಥರು ಅದೇ ಬಿರುದನ್ನು ಶೀರ್ಷಿಕೆಯಾಗಿಟ್ಟು ವಿಶ್ವಪತ್ರವನ್ನು ಹೊರಡಿಸಿದರು. ಚಿನ್ನದ ಬಾಯಿಯವರು ಎಂದು ಹೆಸರಾದ ಸಂತ ಜಾನ್ ಕ್ರಿಸೋಸ್ತೊಮರ ಪಕ್ಕದಲ್ಲಿಯೂ ಗೂಡು ಬರೆಯುವುದುಂಟು.

ಇದನ್ನು ನೋಡಿ ಬೋಧಕನಾದವನು ಕಿವಿಗೆ ಇಂಪಾಗಿ ಮಾತಾಡಬೇಕು, ಅಷ್ಟೇ, ಎಂದುಕೊಂಡರೆ ನಾವು ಅರ್ಧ ಚಿತ್ರವನ್ನು ಮಾತ್ರ ನೋಡಿದಂತೆ. ಅಂಬ್ರೋಸರ ಚಿತ್ರಗಳಲ್ಲಿ ಗೂಡಿನ ಜೊತೆಗೆ ಕೆಲವೊಮ್ಮೆ ಒಂದು ಚಾವಟಿಯೂ ಇರುತ್ತದೆ. 390ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಸಿಟ್ಟಿನ ಭರದಲ್ಲಿ ಥೆಸಲೋನಿಕದ ಜನರ ಮೇಲೆ ಸೈನ್ಯ ಬಿಟ್ಟನು. ಸಾವಿರಾರು ಮಂದಿ ಸತ್ತರು. ಅಂಬ್ರೋಸರು ಪತ್ರ ಬರೆದು, ಪ್ರಾಯಶ್ಚಿತ್ತ ಮಾಡಿಕೊಳ್ಳುವವರೆಗೆ ನಿನ್ನ ಮುಂದೆ ಬಲಿಪೂಜೆ ಅರ್ಪಿಸಲಾರೆ ಎಂದು ತಿಳಿಸಿದರು. ಚಕ್ರವರ್ತಿ ರಾಜವಸ್ತ್ರ ತೆಗೆದಿಟ್ಟು ಎಲ್ಲರೆದುರು ಪಶ್ಚಾತ್ತಾಪಪಟ್ಟನು. ಜೇನುನೊಣಕ್ಕೆ ಸಿಹಿಯೂ ಇದೆ, ಕೊಂಡಿಯೂ ಇದೆ. ಕೊಂಡಿ ಬಳಸಿದ ನೊಣ ತಾನೂ ಸಾಯುತ್ತದೆ. ಆದ್ದರಿಂದ ಅದು ಸುಮ್ಮಸುಮ್ಮನೆ ಕಡಿಯುವುದಿಲ್ಲ, ಮನೆಯನ್ನು ಕಾಯಲು ಮಾತ್ರ ಕಡಿಯುತ್ತದೆ. ಸತ್ಯ ಹೇಳಬೇಕಾದ ಗುರುವಿಗೂ ಹಿರಿಯನಿಗೂ ಇದು ಅಳತೆಗೋಲು.

ಐರ್ಲೆಂಡಿನ ಕಾರ್ಕ್ ನಗರದಲ್ಲಿ ಹೊನನ್ ಚಾಪೆಲ್ ಎಂಬ ಸಣ್ಣ ದೇವಾಲಯ ಇದೆ. 1916ರಲ್ಲಿ ಪ್ರತಿಷ್ಠೆಯಾದ ಅದರ 19 ಕಿಟಕಿಗಳಲ್ಲಿ 11ನ್ನು ಮಾಡಿದವರು ಹ್ಯಾರಿ ಕ್ಲಾರ್ಕ್ ಎಂಬ ಯುವ ಕಲಾವಿದ. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅವುಗಳಲ್ಲಿ ಒಂದು ಸಂತ ಗೋಬ್ನೆಟ್ ಅವರ ಕಿಟಕಿ. ಗಾಢ ನೀಲಿ ಉಡುಪಿನ ಆ ಕನ್ನಿಕೆಯೊಂದಿಗೆ ಜೇನುನೊಣಗಳಿವೆ. ಆಕೆ ಬಲಿವೂರ್ನಿ ಎಂಬ ಊರಿನ ಕನ್ಯಾಮಠದ ಮುಖ್ಯಸ್ಥೆ, ರೋಗಿಗಳ ಆರೈಕೆ ಮಾಡುತ್ತಿದ್ದವರು. ಬಡವರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದಾಗ ಆಕೆ ಜೇನುಗಳನ್ನು ಬಿಟ್ಟು ಅವರನ್ನು ಓಡಿಸಿದರೆಂದು ಜನ ಹೇಳುವ ಕಥೆ. ಫೆಬ್ರವರಿ 11, ಲೂರ್ದುಮಾತೆಯ ಹಬ್ಬದ ದಿನವೇ ಆಕೆಯ ಹಬ್ಬ. ಜೇನಿನಿಂದ ಗಾಯಕ್ಕೆ ಮದ್ದು, ಕೊಂಡಿಯಿಂದ ಬಡವರಿಗೆ ಕಾವಲು. ಎರಡೂ ಒಂದೇ ಕಿಟಕಿಯ ನೆನಪಿನಲ್ಲಿವೆ.

ರೋಮ್ ನಗರದಲ್ಲಿಯೂ ಗಾಜಿನ ಜೇನುನೊಣಗಳಿವೆ. ಅರಾಚೇಲಿ ಬೆಟ್ಟದ ಸಂತ ಮರಿಯಮ್ಮನವರ ದೇವಾಲಯದ ಮುಂಗೋಡೆಯ ಕಿಟಕಿಯಲ್ಲಿ ಮೂರು ಜೇನುನೊಣಗಳು ಹೊಳೆಯುತ್ತವೆ. ಆದರೆ ಅವು ಸಂತರ ಗುರುತಲ್ಲ, ಮನೆತನದ ಗುರುತು. 1623ರಿಂದ 1644ರವರೆಗೆ ಜಗದ್ಗುರುಗಳಾಗಿದ್ದ ಎಂಟನೆಯ ಉರ್ಬನರು ಬರ್ಬೆರೀನಿ ಮನೆತನದವರು. ಸಂತ ಪೇತ್ರರ ಮಹಾದೇವಾಲಯದಲ್ಲಿ ಬೆರ್ನೀನಿ ಕಟ್ಟಿದ ಕಂಚಿನ ಮಂಟಪದ ಮೇಲೂ ಅವೇ ನೊಣಗಳು. ಆ ಮನೆತನದ ಹಳೆಯ ಲಾಂಛನದಲ್ಲಿ ಇದ್ದದ್ದು ದನಕುದುರೆಗಳ ರಕ್ತ ಹೀರುವ ನೊಣ. ದೊಡ್ಡವರಾದ ಮೇಲೆ ಅದನ್ನು ಜೇನುನೊಣವಾಗಿ ಬದಲಾಯಿಸಿಕೊಂಡರು. ಕೇಳಲು ತಮಾಷೆಯಾಗಿದೆ. ಆದರೆ ಲಾಂಛನ ಬದಲಾಯಿಸುವುದು ಸುಲಭ, ಸ್ವಭಾವ ಬದಲಾಯಿಸುವುದು ಕಷ್ಟ. ನಮ್ಮ ಮನೆ, ನಮ್ಮ ಸಂಘ, ನಮ್ಮ ಧರ್ಮಕೇಂದ್ರ ಇವುಗಳಲ್ಲಿ ನಾವು ಯಾವ ನೊಣ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಮಾತು ಇದು.

ಪಾಸ್ಖ ಬತ್ತಿಯ ಹಿಂದಿನ ದುಡಿಮೆ

ಕಿಟಕಿಯಿಂದ ಈಗ ಬತ್ತಿಯ ಕಡೆಗೆ ಬರೋಣ. ಗಾಜಿನಲ್ಲಿ ಜೇನುನೊಣಕ್ಕೆ ಸಿಕ್ಕ ಗೌರವದ ಮೂಲ ಇರುವುದು ಬತ್ತಿಯಲ್ಲಿಯೇ.

ಪುನರುತ್ಥಾನ ಘೋಷಣೆಯ ಲತೀನ್ ಮೂಲವು ಒಂದು ಕಡೆ, ಈ ಬತ್ತಿಯು ಜೇನುನೊಣಗಳ ದುಡಿಮೆಯಿಂದಲೂ ಸೇವಕರ ಕೈಗಳಿಂದಲೂ ಆದ ಕಾಣಿಕೆ ಎನ್ನುತ್ತದೆ. ಮತ್ತೊಂದು ಕಡೆ, ತಾಯಿನೊಣ ಕೊಟ್ಟ ಮೇಣ ಕರಗಿ ಜ್ವಾಲೆಗೆ ಆಹಾರವಾಗುತ್ತದೆ ಎನ್ನುತ್ತದೆ. ಹಳೆಯ ಪಾಠಗಳಲ್ಲಿ ಈ ಹೊಗಳಿಕೆ ಇನ್ನೂ ಉದ್ದವಾಗಿತ್ತು. ದಕ್ಷಿಣ ಇಟಲಿಯಲ್ಲಿ 10ರಿಂದ 13ನೇ ಶತಮಾನದವರೆಗೆ ಈ ಘೋಷಣೆಯನ್ನು ಚರ್ಮದ ಉದ್ದನೆಯ ಸುರುಳಿಗಳಲ್ಲಿ ಬರೆಯುತ್ತಿದ್ದರು. ಅಕ್ಷರ ಒಂದು ದಿಕ್ಕಿಗೆ, ಚಿತ್ರ ತಲೆಕೆಳಗಾಗಿ. ಏಕೆಂದರೆ ಉಪಯಾಜಕರು ಹಾಡುತ್ತ ಸುರುಳಿಯನ್ನು ಪೀಠದ ಮುಂದಕ್ಕೆ ಇಳಿಬಿಟ್ಟಾಗ ಕೆಳಗೆ ನಿಂತ ಭಕ್ತಾದಿಗಳಿಗೆ ಚಿತ್ರ ನೇರವಾಗಿ ಕಾಣಬೇಕಲ್ಲ! ವ್ಯಾಟಿಕನ್ ಗ್ರಂಥಾಲಯದಲ್ಲಿರುವ, 11ನೇ ಶತಮಾನದ ಕೊನೆಯ ಒಂದು ಸುರುಳಿಯಲ್ಲಿ ಹೂಗಳಿಗೆ ಹಾರುವ ಜೇನುಗಳೂ ಗೂಡಿನಿಂದ ಜೇನು ತೆಗೆಯುವ ರೈತರೂ ಇದ್ದಾರೆ. 1973ರ ಇಂಗ್ಲಿಷ್ ಅನುವಾದದಲ್ಲಿ ಜೇನುನೊಣ ಬಿಟ್ಟುಹೋಗಿತ್ತು. 2011ರಲ್ಲಿ ಬಳಕೆಗೆ ಬಂದ ಹೊಸ ಅನುವಾದದಲ್ಲಿ ಅದು ಮರಳಿ ಬಂತು.

ಮಧ್ಯಯುಗದ ಬೋಧಕರು ಬತ್ತಿಗೆ ಹೀಗೆ ಅರ್ಥ ಹೇಳಿದರು: ಮೇಣವು ಕನ್ಯಾಮಾತೆಯಿಂದ ಪಡೆದ ಕ್ರಿಸ್ತರ ದೇಹ, ಒಳಗಿನ ದಾರ ಅವರ ಆತ್ಮ, ಉರಿಯುವ ಜ್ವಾಲೆ ಅವರ ದೈವತ್ವ. ಜೇನುನೊಣಗಳು ಕೂಡದೆಯೇ ಮರಿ ಮಾಡುತ್ತವೆ ಎಂದು ಆಗಿನ ಕಾಲದ ವಿದ್ವಾಂಸರು ನಂಬಿದ್ದರು. ಆದ್ದರಿಂದ ಅವನ್ನು ಕನ್ಯತ್ವಕ್ಕೆ ಹೋಲಿಸಿದರು. ಅದು ನಿಜವಲ್ಲ ಎಂದು ಇಂದು ನಮಗೆ ಗೊತ್ತು. ರಾಣಿನೊಣ ಗೂಡಿನಿಂದ ಹೊರಗೆ ಹಾರಿಹೋಗಿ ಅನೇಕ ಗಂಡುನೊಣಗಳನ್ನು ಕೂಡಿ ಬರುತ್ತದೆ. ಹೋಲಿಕೆಯ ಒಂದು ಕಾಲು ಮುರಿದರೂ ಬೋಧನೆ ಬೀಳಲಿಲ್ಲ. ಏಕೆಂದರೆ ಮೇಣದ ಬಗ್ಗೆ ವಿಜ್ಞಾನ ಹೇಳುವ ಸತ್ಯವು ಹಳೆಯ ನಂಬಿಕೆಗಿಂತ ದೊಡ್ಡದು. ಮೇಣವನ್ನು ನೊಣ ಎಲ್ಲಿಂದಲೋ ಹೊತ್ತು ತರುವುದಿಲ್ಲ. ಎರಡು ವಾರದ ಪ್ರಾಯದ ಕೆಲಸಗಾರ ನೊಣದ ಹೊಟ್ಟೆಯ ಕೆಳಗಿರುವ ಎಂಟು ಗ್ರಂಥಿಗಳಿಂದ ತೆಳುವಾದ ಚಕ್ಕೆಗಳಾಗಿ ಅದು ಒಸರುತ್ತದೆ. ಒಂದು ಕಿಲೋ ಮೇಣ ಮಾಡಲು ಆರರಿಂದ ಎಂಟು ಕಿಲೋ ಜೇನನ್ನು ಅವು ತಿನ್ನಬೇಕು ಎಂಬುದು ಜೇನು ಸಾಕುವವರಲ್ಲಿ ರೂಢಿಯಲ್ಲಿರುವ ಲೆಕ್ಕ. ಬತ್ತಿಯಲ್ಲಿ ಉರಿಯುವುದು ಅವುಗಳ ಮೈಯಿಂದಲೇ ಬಂದದ್ದು. ‘ಇದು ನನ್ನ ದೇಹ’ ಎಂದು ತಮ್ಮನ್ನೇ ಕೊಟ್ಟುಕೊಂಡ ಪ್ರಭುವಿನ ಪುನರುತ್ಥಾನಕ್ಕೆ ಇದಕ್ಕಿಂತ ತಕ್ಕ ಕಾಣಿಕೆ ಯಾವುದು? ಪಾಸ್ಖ ಬತ್ತಿ ಮೇಣದ್ದೇ ಆಗಿರಬೇಕು, ಪ್ರತಿವರ್ಷ ಹೊಸದಾಗಬೇಕು, ಕೃತಕ ಬತ್ತಿ ಸಲ್ಲದು ಎಂದು 1988ರ ಜನವರಿಯಲ್ಲಿ ರೋಮ್ ಹೊರಡಿಸಿದ ಪಾಸ್ಖ ಹಬ್ಬದ ಸೂಚನೆಗಳು ಹೇಳುವುದು ಸುಮ್ಮನೆ ಅಲ್ಲ.

ನಮ್ಮ ಕಾಡು, ನಮ್ಮ ಹೊಲ

ಇದೆಲ್ಲ ದೂರದ ರೋಮ್, ಐರ್ಲೆಂಡುಗಳ ಮಾತಾಯಿತು ಎನ್ನಬೇಡಿ. ಚಾಮರಾಜನಗರದ ಕಡೆಯವರಾದ ನಮಗೆ ಜೇನು ಹೊಸದಲ್ಲ. ಬಂಡೆಯಲ್ಲೂ ಎತ್ತರದ ಮರದಲ್ಲೂ ಕಟ್ಟುವ ಹೆಜ್ಜೇನು, ಪೊಟರೆಯಲ್ಲಿ ಕಟ್ಟುವ ತುಡುವೆ, ಪೊದೆಯ ಕಡ್ಡಿಗೆ ಕಟ್ಟುವ ಕೋಲುಜೇನು, ಗೋಡೆಯ ಸಂದಿಯಲ್ಲಿರುವ ಕಡಿಯದ ನಸರುಜೇನು, ನಾಲ್ಕೂ ನಮ್ಮಲ್ಲಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಹೆಜ್ಜೇನು ಇಳಿಸುವವರು. ಹಸಿಸೊಪ್ಪಿನ ಹೊಗೆ ಕೊಟ್ಟು ನೊಣವನ್ನು ಸರಿಸುತ್ತಾರೆಯೇ ಹೊರತು ಹಿಂಡನ್ನು ಸುಡುವುದಿಲ್ಲ. ಹುಲಿಯೂ ನಮ್ಮ ಮನೆಯವನೇ, ಅದಕ್ಕೆ ಮರ ಹತ್ತಿ ಜೇನು ಇಳಿಸಲು ಬರುವುದಿಲ್ಲ ಎಂದು ಅದಕ್ಕೊಂದು ಪಾಲನ್ನು ನೆಲದ ಬಳಿ ಬಿಟ್ಟು ಬರುವ ಪದ್ಧತಿಯನ್ನು ಅವರು ಹೇಳುತ್ತಾರೆ. ಅಭಯಾರಣ್ಯದೊಳಗೆ ಕಾಡಿನ ಕಿರು ಉತ್ಪನ್ನ ತೆಗೆಯುವುದಕ್ಕೆ ನಿಷೇಧ ಬಂದಾಗ, 2006ರ ಸುಮಾರಿನ ಆ ದಿನಗಳಲ್ಲಿ, ಅವರ ಜೇನಿನ ಆದಾಯಕ್ಕೆ ಪೆಟ್ಟು ಬಿತ್ತು. ಬೆಟ್ಟವು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯಿದೆಯಂತೆ ಸಮುದಾಯ ಹಕ್ಕುಪತ್ರಗಳೂ ಸಿಕ್ಕವು.

ಜೇನನ್ನು ಕೊಲ್ಲದೆ ಜೇನು ಪಡೆಯುವ ದಾರಿಯನ್ನು ಹುಡುಕಿದವರಲ್ಲಿ ದೇವರ ಸೇವಕರೂ ಇದ್ದಾರೆ ಎಂಬುದು ನಮಗೆ ಸಮಾಧಾನದ ವಿಷಯ. ಅಂಬ್ರೋಸರ ಚಿತ್ರದಲ್ಲಿ ಕಾಣುವ ಹುಲ್ಲುಗೂಡಿನಿಂದ ಜೇನು ತೆಗೆಯಲು ಯುರೋಪಿನಲ್ಲಿ ಅನೇಕ ಕಡೆ ಗಂಧಕದ ಹೊಗೆ ಹಾಕಿ ಹಿಂಡನ್ನೇ ಸಾಯಿಸುತ್ತಿದ್ದರು. 1852ರಲ್ಲಿ ಅಮೆರಿಕದ ಪ್ರೊಟೆಸ್ಟೆಂಟ್ ಪಾಲಕ ಲ್ಯಾಂಗ್‌ಸ್ಟ್ರಾತ್, ಚೌಕಟ್ಟುಗಳನ್ನು ಎತ್ತಿ ತೆಗೆಯಬಲ್ಲ ಪೆಟ್ಟಿಗೆಗೆ ಹಕ್ಕುಸ್ವಾಮ್ಯ ಪಡೆದರು. 1911ರಿಂದ 1917ರ ನಡುವೆ ಫಾದರ್ ನ್ಯೂಟನ್ ಎಂಬ ಮಿಷನರಿ ಗುರುಗಳು ದಕ್ಷಿಣ ಭಾರತದ ಹಳ್ಳಿಗರಿಗೆ ಜೇನು ಸಾಕಣೆ ಕಲಿಸಿದರು. ನಮ್ಮ ತುಡುವೆ ಜೇನಿಗೆ ತಕ್ಕಂತೆ ಅವರು ಮಾಡಿದ ಚಿಕ್ಕ ಪೆಟ್ಟಿಗೆಗೆ ನ್ಯೂಟನ್ ಪೆಟ್ಟಿಗೆ ಎಂದೇ ಹೆಸರು. ನಮ್ಮ ಧರ್ಮಕ್ಷೇತ್ರಕ್ಕೇ ಸೇರಿದ ಕೊಡಗಿನಲ್ಲಿ ಆ ಕಸುಬು ಚೆನ್ನಾಗಿ ಬೇರೂರಿತು. 1991-92ರಲ್ಲಿ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತದ ತುಡುವೆ ಹಿಂಡುಗಳನ್ನು ಬಹುವಾಗಿ ನಾಶಮಾಡಿತು.

ಇನ್ನು ನಮ್ಮ ಗುಂಡ್ಲುಪೇಟೆಯ ಹೊಲಗಳು. ಮುಂಗಾರಿನಲ್ಲಿ ಊಟಿ ರಸ್ತೆಯ ಎರಡೂ ಬದಿಗೆ ಸೂರ್ಯಕಾಂತಿ ಹಳದಿ ಹಾಸಿದಂತೆ ಅರಳುವಾಗ ದೂರದೂರದಿಂದ ಜನ ಬಂದು ಫೋಟೋ ತೆಗೆದುಕೊಳ್ಳುತ್ತಾರೆ. ಆದರೆ ಆ ಹೂವು ಅರಳುವುದು ಫೋಟೋಕ್ಕಲ್ಲ, ಜೇನಿಗೆ. ಪರಾಗವನ್ನು ಹೂವಿಂದ ಹೂವಿಗೆ ಸಾಗಿಸಲು ಜೇನು ಬರದಿದ್ದರೆ ತೆನೆಯಲ್ಲಿ ಜೊಳ್ಳು ಹೆಚ್ಚಾಗುತ್ತದೆ ಎಂಬುದು ಬೆಳೆದವರಿಗೆ ಗೊತ್ತು. ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ಕೀಟನಾಶಕ ಹೊಡೆದರೆ ಹೂವಿನ ಮೇಲೆ ಕುಳಿತ ಜೇನೇ ಮೊದಲು ಬೀಳುತ್ತದೆ. ಅನಿವಾರ್ಯವಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ ಎಂದು ಕೃಷಿ ತಜ್ಞರು ಹೇಳುತ್ತಾರೆ. ಇದು ಕೃಷಿಯ ಮಾತಷ್ಟೇ ಅಲ್ಲ, ನೆರೆಯವನ ಹೊಲದ ಮಾತೂ ಹೌದು. ನಮ್ಮ ಹೊಲದಲ್ಲಿ ಸತ್ತ ಜೇನು ಪಕ್ಕದವರ ತೆನೆಯನ್ನೂ ಜೊಳ್ಳು ಮಾಡುತ್ತದೆ.

ಹಬ್ಬಕ್ಕೆ ಬಂದವರು

ಸಿರಾಖನ ಗ್ರಂಥದ ಹನ್ನೊಂದನೆಯ ಅಧ್ಯಾಯವು ಹಾರುವ ಜೀವಿಗಳಲ್ಲಿ ಚಿಕ್ಕದಾದ ಜೇನುನೊಣ ಕೊಡುವ ಸಿಹಿಯೇ ಎಲ್ಲಕ್ಕೂ ಮೇಲು ಎಂದು ನೆನಪಿಸಿ, ಮನುಷ್ಯನನ್ನು ಹೊರರೂಪದಿಂದ ಅಳೆಯಬೇಡ ಎಂದು ಬೋಧಿಸುತ್ತದೆ. ಕಿಟಕಿಯ ಮೂಲೆಯಲ್ಲಿ ಅದನ್ನು ಬರೆದವರು ನಮಗೆ ಹೇಳಿದ್ದೂ ಅದನ್ನೇ. ಹೂವನ್ನು ನೋಯಿಸದೆ ಪಡೆ, ಒಬ್ಬನೇ ತಿನ್ನದೆ ಕೂಡಿಡು, ನಿನ್ನ ಮೈಯಿಂದ ಬಂದದ್ದು ಇನ್ನೊಬ್ಬರಿಗೆ ಬೆಳಕಾಗಲಿ. ಗಾಜಿನ ಜೇನನ್ನು ಮೆಚ್ಚಿ ಗೋಪುರದ ಜೇನನ್ನು ಸುಡುವವರು ಚಿತ್ರವನ್ನು ನೋಡಿದ್ದಾರೆ, ಓದಿಲ್ಲ.

ಕಟ್ಟಿದ ಜಾಗಕ್ಕೇ ವರ್ಷವರ್ಷ ಬರುವುದು ಹೆಜ್ಜೇನಿನ 'ರೂಢಿ'. ಆ ಧರ್ಮಕೇಂದ್ರದಲ್ಲಿ ನಾವು ಇನ್ನೂ ಇದ್ದಾಗಲೇ, ಮೂರು ವರ್ಷಗಳ ಮೇಲೆ, ಅದೇ ಗೋಪುರದ ಅದೇ ಅಂಚಿಗೆ ಮತ್ತೆ ಜೇನು ಬಂದು ಕಟ್ಟಿತು. ಮತ್ತೆ ಹಬ್ಬದ ಮುಂಚೆಯೇ. ಸಮಿತಿ ಸೇರಿತು. ಈ ಸಲ ನಾವು ಅಂಬ್ರೋಸರ ತಂದೆಯ ಕಥೆಯನ್ನು ಹೇಳಿದೆವು, ಹಿಂದಿನ ಸಲ ನಾವು ಕೊಟ್ಟ ಅಪ್ಪಣೆ ತಪ್ಪಾಗಿತ್ತೆಂದೂ ಹೇಳಿದೆವು. ಮಾತು ಸುಲಭವಾಗಿ ಮುಗಿಯಲಿಲ್ಲ. ಮಕ್ಕಳಿಗೆ ಏನಾದರೂ ಆದರೆ ಯಾರು ಹೊಣೆ ಎಂದು ಒಬ್ಬರು ಕೇಳಿದರು. ಬೆಟ್ಟದ ಕಡೆಯ ಸೋಲಿಗ ಹಿರಿಯರೊಬ್ಬರನ್ನು ಕರೆಸಿ ತೋರಿಸಿದೆವು. ಅವರು ಮೇಲೆ ನೋಡಿ, “ಹೊಗೆ ಬ್ಯಾಡ, ಸದ್ದು ಬ್ಯಾಡ, ಅದ್ರ ಪಾಡ್ಗ ಅದು ಇರ್ತದ ಸ್ವಾಮಿ” ಎಂದರು. ತೇರನ್ನು ಹಿಂಬಾಗಿಲಿನಿಂದ ಹೊರಡಿಸಿದೆವು. ಗೋಪುರದ ಕೆಳಗೆ ಹಗ್ಗ ಕಟ್ಟಿ ಯಾರೂ ಹೋಗದಂತೆ ಯುವಕರು ಕಾವಲು ನಿಂತರು, ಹಿಂದೆ ಬಿದಿರು ಹಿಡಿದವರೇ. ಪಟಾಕಿ ಬಿಟ್ಟೆವು, ಆ ದುಡ್ಡು ಹಬ್ಬದ ಅನ್ನದಾನಕ್ಕೆ ಹೋಯಿತು. ಯಾರನ್ನೂ ಒಂದು ನೊಣವೂ ಕಡಿಯಲಿಲ್ಲ.

ಮಳೆಗಾಲ ಶುರುವಾದಾಗ ಜೇನು ತಾನಾಗಿ ಎದ್ದುಹೋಯಿತು. ಬರಿದಾದ ಹುಟ್ಟಿಯನ್ನು ಇಳಿಸಿ ಕರಗಿಸಿದಾಗ ಬಂದ ಮೇಣ ಒಂದು ಅಂಗೈಯಷ್ಟು. ಅಂಗಳ ಗುಡಿಸುವ ಅಜ್ಜಿ ಅದನ್ನು ಬಟ್ಟೆಯಲ್ಲಿ ಸೋಸಿ ಕೊಟ್ಟರು. ಮರುವರ್ಷ ಪಾಸ್ಖ ಜಾಗರಣೆಗೆ ಮುನ್ನ, ಪಾಸ್ಖ ಬತ್ತಿಯಲ್ಲಿ ಐದು ಗಾಯಗಳ ಗುರುತಾಗಿ ಚುಚ್ಚುವ ಐದು ಧೂಪದ ಕಾಳುಗಳನ್ನು ಆ ಮೇಣದಿಂದಲೇ ಅಂಟಿಸಿದೆವು.

ಪ್ರಿಯರೇ, ಈ ಪಾಸ್ಖದ ರಾತ್ರಿ ತಮ್ಮ ಕೈಯಲ್ಲಿ ಬತ್ತಿ ಉರಿಯುವಾಗ ಒಂದು ಕ್ಷಣ ಜೇನನ್ನು ನೆನೆಯಿರಿ. ತಮ್ಮ ಊರಿನ ದೇವಾಲಯದಲ್ಲಿ, ಶಾಲೆಯಲ್ಲಿ, ಹೊಲದ ಮರದಲ್ಲಿ ಅದು ಕಟ್ಟಿದ್ದರೆ ಬಲ್ಲವರನ್ನು ಕೇಳಿ, ಸುಡಬೇಡಿ. ತನ್ನನ್ನೇ ಕರಗಿಸಿ ಬೆಳಕಾದ ಪ್ರಭು ನಮ್ಮ ಮನೆಗಳನ್ನೂ ಬೆಳಗಲಿ. ಎಲ್ಲರಿಗೂ ಪುನರುತ್ಥಾನ ಹಬ್ಬದ ಶುಭಾಶಯಗಳು.